ಮಲಗಿಸಿಟ್ಟ ತುಂಡು

ಮನೆ, ಊಟದ ಮೇಜಿನಿಂದ
ಭಾನುವಾರ ಬೆಳಿಗ್ಗೆ, ಒಂಬತ್ತನೆಯ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಾಲಿಗೆಯ ಹೊಲಿಗೆ ಉದುರಿತೋ, ಇನ್ನೂ ಚುಚ್ಚುತ್ತಿದೆಯೋ? ಅದು ತಾನಾಗಿ ಕರಗುವ ದಾರ, ಕೈ ಹಾಕಬೇಡ ಎಂದು ಹೇಳಿ ಕಳಿಸಿದ್ದೆ. ಆದರೆ ಕನ್ನಡಿಯೂ ಚೂಪು ಕತ್ತರಿಯೂ ಒಟ್ಟಿಗೆ ಕೈಗೆ ಸಿಕ್ಕಿದರೆ ಸುಮ್ಮನಿರುವವಳಲ್ಲ ನೀನು; ಬೇರೆಯವರು ಹಾಕಿದ ಹೊಲಿಗೆ ನೋಡಿ ನೀನು ಮೂಗು ಮುರಿಯದೆ ಇದ್ದದ್ದು ನನಗೆ ನೆನಪಿಲ್ಲ. ಖಾರ, ಬಿಸಿ ಎರಡನ್ನೂ ಬಿಟ್ಟಿದ್ದೀಯ ತಾನೆ? ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದೀಯ ತಾನೆ? ಕಾಲಿನ ಊತ ಇಳಿಯಿತೇ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನನ್ನವಳು ಕಿಟಕಿಯ ಪರದೆಗಳನ್ನೆಲ್ಲ ಬಿಚ್ಚಿ ಒಗೆದಿದ್ದಾಳೆ. ಈಗ ಯಾವ ಪರದೆ ಯಾವ ಕಿಟಕಿಯದು ಎಂದು ಇಬ್ಬರಿಗೂ ತಿಳಿಯುತ್ತಿಲ್ಲ. ಮಗಳು ಬೆಳೆದು ನನ್ನ ಕಿವಿಯ ಮಟ್ಟಕ್ಕೆ ಬಂದಿದ್ದಾಳೆ. ಅಲ್ಲಿಂದಲೇ ನೇರವಾಗಿ ಬೈಯುತ್ತಾಳೆ.

ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ನೋಡಿದೆ. ಮೊದಲ ಸಲ ನೀನು “ಅದಿರ್ಲಿ, ಹದಿನಾರನೇ ನಂಬರಿನ ಮಷೀನ್ ಸೂಜಿ ಅಲ್ಲಿ ಸಿಗುತ್ತಾ ಕೇಳು” ಎಂದೆ. ಎರಡನೆಯ ಸಲ “ರಾಜನ ಪ್ಯಾಂಟು ಹಿಂದುಗಡೆ ಬಿಟ್ಟುಕೊಂಡಿದೆ ಕಣೋ, ಇನ್ನು ಎರಡು ನಿಮಿಷಕ್ಕೆ ಸಿಂಹಾಸನದ ಮೇಲೆ ಕೂರ್ಬೇಕು ಅವನು” ಎಂದು ಇಟ್ಟುಬಿಟ್ಟೆ. ಪತ್ರದಲ್ಲಿ ಒಂದು ಸುಖವಿದೆ. ಇದನ್ನು ಮಡಚಿ ಎಸೆಯಬಹುದೇ ಹೊರತು ನಡುವೆ ಬಾಯಿ ಹಾಕಲು ಬರುವುದಿಲ್ಲ. ಸುತ್ತಿ ಬಳಸಿ ಮಾತಾಡುವುದು ನನ್ನ ಜಾಯಮಾನ ಎಂದು ನೀನು ಚಿಕ್ಕಂದಿನಿಂದ ಹಂಗಿಸುತ್ತೀಯ. ಆದ್ದರಿಂದ ಹೇಳಬೇಕಾದ್ದನ್ನು ಮೊದಲೇ ಹೇಳಿ, ಸುತ್ತುವುದನ್ನು ಆಮೇಲೆ ಸುತ್ತುತ್ತೇನೆ. ರಿಪೋರ್ಟು ಬಂದಿದೆ. ಕ್ಯಾನ್ಸರ್ ಹೌದು. ಚಿಕ್ಕದು, ಬೇಗ ಸಿಕ್ಕಿದ್ದು. ನಾಲಿಗೆಯ ಎಡ ಅಂಚಿನಿಂದ ಒಂದಷ್ಟು ಭಾಗವನ್ನು ತೆಗೆಯಬೇಕು. ಸರ್ಜನ್ ಹದಿನೆಂಟಕ್ಕೆ, ಮಂಗಳವಾರ, ದಿನ ಕೊಟ್ಟಿದ್ದಾರೆ. ಹಿಂದಿನ ದಿನ ಬಂದು ಸೇರಬೇಕು. ನಿಮ್ಮ ನಾಟಕ ಕಂಪನಿಯ ತಿರುಗಾಟ ಮುಗಿಯಲು ಇನ್ನೂ ಏಳು ವಾರ ಇದೆ ಎಂದು ಗೊತ್ತು. ಪರೀಕ್ಷೆಗೆಂದು ನಾಲಿಗೆಯ ತುಂಡು ತೆಗೆಸಿಕೊಂಡ ಮಾರನೆಯ ದಿನವೇ ಪೆಟ್ಟಿಗೆ ಹೊತ್ತು ಬಸ್ಸು ಹತ್ತುವಾಗ, ಊದಿಕೊಂಡ ಬಾಯಲ್ಲೇ ನೀನು ಅಂದದ್ದು ನೆನಪಿದೆ: “ತಿರುಗಾಟ ಮುಗಿಸ್ಕೊಂಡೇ ಬರ್ತೀನಿ. ಅಷ್ಟರಲ್ಲಿ ಎಲ್ಲಿಗೆ ಓಡಿಹೋಗುತ್ತೆ ಅದು?”

ಎಲ್ಲಿಗೆ ಓಡಿಹೋಗುತ್ತದೆ ಎಂಬುದೇ ಈ ಪತ್ರ.

“ನನಗೆ ಅರ್ಥ ಆಗೋ ಹಾಗೆ ಹೇಳು. ಅರ್ಥ ಆದ್ರೆ ಮಾಡ್ತೀನಿ, ಇಲ್ಲಾಂದ್ರೆ ಇಲ್ಲ.” ಇದೂ ನಿನ್ನದೇ ಮಾತು, ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದದ್ದು. ಡಾಕ್ಟರು ಹೇಳಿದರೆ ತಲೆಯಾಡಿಸಿ ಹೊರಗೆ ಬಂದು ನನ್ನ ಮುಖ ನೋಡುತ್ತೀಯ. ಆದರೆ ನನ್ನ ಕೆಲಸ ಏನೆಂಬುದೂ ನಿನಗೆ ಸರಿಯಾಗಿ ಗೊತ್ತಿಲ್ಲ. “ನನ್ನ ತಮ್ಮ ಆಸ್ಪತ್ರೇಲಿ ರಕ್ತ ನೋಡ್ತಾನೆ” ಎಂದು ಕಂಪನಿಯವರಿಗೆಲ್ಲ ಹೇಳಿದ್ದೀಯಂತೆ. ರಕ್ತ ನೋಡುವವರು ಎರಡನೆಯ ಮಹಡಿ. ನಾನು ಮೂರನೆಯ ಮಹಡಿಯ ಹಿಂಬದಿಯ ಕೋಣೆ. ಮೈಯಿಂದ ಕತ್ತರಿಸಿ ತೆಗೆದ ಚೂರುಗಳು ಸಣ್ಣ ಬಾಟಲಿಗಳಲ್ಲಿ ನನ್ನ ಹತ್ತಿರ ಬರುತ್ತವೆ. ಅವುಗಳ ನೀರನ್ನೆಲ್ಲ ಹಿಂಡಿ, ಕರಗಿದ ಮೇಣದಲ್ಲಿ ಅದ್ದಿ, ಗಟ್ಟಿಯಾದ ಮೇಲೆ ಯಂತ್ರಕ್ಕೆ ಕಚ್ಚಿಸಿ ಹೆರೆಯುತ್ತೇನೆ. ಒಂದೊಂದು ಹೆರೆಯೂ ತಲೆಗೂದಲ ದಪ್ಪಕ್ಕಿಂತ ಎಷ್ಟೋ ಪಾಲು ತೆಳು. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಕುಂಚದ ತುದಿಯಿಂದ ಸುಕ್ಕು ಬಿಡಿಸಿ, ಗಾಜಿನ ಸ್ಲೈಡಿನ ಮೇಲೆತ್ತಿಕೊಂಡು, ನೀಲಿ ಗುಲಾಬಿ ಬಣ್ಣ ಹಾಕಿ, ನಮ್ಮ ಡಾಕ್ಟರಮ್ಮನ ಮೇಜಿಗೆ ಕಳಿಸುತ್ತೇನೆ. ಇದು ಕ್ಯಾನ್ಸರ್, ಇದು ಅಲ್ಲ ಎಂದು ಹೇಳುವವರು ಅವರು. ಇಪ್ಪತ್ತಾರು ವರ್ಷ ಹೀಗೆ ಹೆರೆದಿದ್ದೇನೆ. ಆ ಚೂರಿನ ಆಚೆ ಒಂದು ಮನೆ, ಒಂದು ಚಪ್ಪಲಿ ಗೂಡು, ಊಟಕ್ಕೆ ಕಾಯುವ ಜನ ಇರುತ್ತಾರೆಂಬುದು ತಿಳಿದಿತ್ತು. ತಿಳಿದಿದ್ದರಿಂದ ನನಗೇನೂ ಆಗಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ.

ಈಗ ನಿನ್ನ ನಾಲಿಗೆಗೆ ಬರೋಣ. ಅದರ ಮೇಲ್ಮೈ ಒಂದೇ ಎಳೆಯ ಬಟ್ಟೆಯಲ್ಲ, ಹತ್ತಾರು ಪದರ. ಎಲ್ಲಕ್ಕಿಂತ ಅಡಿಯಲ್ಲಿ ಒಂದೇ ಸಾಲು ಕೋಶಗಳು, ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಹೊಸದಾಗಿ ಹುಟ್ಟಿಸುವುದು ಹೆಚ್ಚುಕಡಿಮೆ ಆ ಸಾಲಿನ ಕೆಲಸ ಮಾತ್ರ. ಒಂದು ಎರಡಾಗುತ್ತದೆ, ಒಂದು ಅಲ್ಲೇ ಉಳಿದು ಇನ್ನೊಂದು ಮೇಲಕ್ಕೆ ಹೊರಡುತ್ತದೆ. ಮೇಲೇರುತ್ತಾ ಏರುತ್ತಾ ಚಪ್ಪಟೆಯಾಗಿ, ಗಡುಸಾಗಿ, ಒಂದೆರಡು ವಾರದಲ್ಲಿ ತುದಿಗೆ ಬಂದು, ನೀನು ಕುಡಿಯುವ ಕಾಫಿಯ ಜೊತೆ ಉದುರಿ ಹೊಟ್ಟೆಗೆ ಹೋಗುತ್ತದೆ. ದಿನಾಲೂ ನೀನು ನಿನ್ನನ್ನೇ ಒಂದಿಷ್ಟು ನುಂಗುತ್ತಿರುತ್ತೀಯ, ಎಲ್ಲರೂ ಅಷ್ಟೇ. ಆ ಅಡಿಸಾಲಿನ ಕೆಳಗೆ ತೆಳ್ಳನೆಯ ಒಂದು ಪೊರೆ ಹಾಸಿದೆ. ನೆಲ ಎಂದುಕೋ. ನೆಲದ ಕೆಳಗೆ ಬೇರೆಯದೇ ಓಣಿ: ರಕ್ತನಾಳ, ನರ, ಅದರಡಿಗೆ ನಾಲಿಗೆಯನ್ನು ಹೊರಳಿಸುವ ಮಾಂಸಖಂಡ. ಮೇಲಿನ ಪದರದವರು ಉದುರಿ ಹೋಗಬಹುದು, ನೆಲ ದಾಟಿ ಕೆಳಗಿಳಿಯುವಂತಿಲ್ಲ. ಬಾಯೊಳಗಿನ ಮೊದಲ ಕಾನೂನು ಅದು, ಮತ್ತು ನಾನು ಕಂಡ ಕಾನೂನುಗಳಲ್ಲಿ ಅತಿ ಹೆಚ್ಚು ಪಾಲನೆಯಾಗುವುದೂ ಅದೇ.

ಪ್ರತಿ ಕೋಶದೊಳಗೂ, ಬಟ್ಟೆ ಕತ್ತರಿಸಲು ನೀವು ಅಳತೆ ಗೆರೆ ಎಳೆದಿಟ್ಟುಕೊಳ್ಳುವ ಪೇಪರ್ ಕಟಿಂಗಿನಂಥದ್ದು ಒಂದು ಮಡಚಿಟ್ಟಿರುತ್ತದೆ: ಎಷ್ಟು ಬೆಳೆಯಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು. ಒಂದು ಎರಡಾಗುವಾಗಲೆಲ್ಲ ಅದರ ಮೇಲೆ ಇನ್ನೊಂದು ಕಾಗದವಿಟ್ಟು ಪ್ರತಿ ತೆಗೆಯಬೇಕು. ಎಲ್ಲೋ ಗೆರೆ ಜಾರುತ್ತದೆ; ಜಾರದೆ ಇರುವುದೇ ಇಲ್ಲ. ಜಾರಿದ್ದನ್ನು ತಿದ್ದುವ ವ್ಯವಸ್ಥೆಯೂ ಒಳಗೇ ಇದೆ, ತಿದ್ದಲಾಗದಿದ್ದರೆ ಆ ಕೋಶಕ್ಕೆ ನೀನಿನ್ನು ಸಾಯಿ ಎಂದು ಅಪ್ಪಣೆಯಾಗುತ್ತದೆ, ಅದು ತಕರಾರಿಲ್ಲದೆ ಸಾಯುತ್ತದೆ. ಕಷ್ಟ ಶುರುವಾಗುವುದು ಆ ತಿದ್ದುವವನ ಕಾಗದವೇ ಸುಟ್ಟು ಹೋದಾಗ. ಸುಡುವುದು ಏನು ಎಂದರೆ, ಅಕ್ಕಾ, ನೀನು ವೇಷದ ಪೆಟ್ಟಿಗೆಗಳ ಹಿಂದೆ ನಿಂತು ಸೇದುವ ಸಿಗರೇಟು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀಯ. ಇಪ್ಪತ್ತು ವರ್ಷದಿಂದ ಗೊತ್ತಿಲ್ಲದವನಂತೆ ಇದ್ದೇನೆ, ಅದಕ್ಕೂ ಅಭ್ಯಾಸ ಬೇಕು. ನಿನ್ನ ಎಡಗಡೆಯ ಆ ಮುರಿದ ಹಲ್ಲು ವರ್ಷಗಟ್ಟಲೆ ಅದೇ ಜಾಗ ಉಜ್ಜಿದ್ದೂ ಸ್ವಲ್ಪ ಸೇರಿರಬಹುದು ಎಂದರು ಡಾಕ್ಟರಮ್ಮ. ಯಾವುದರ ಪಾಲು ಎಷ್ಟು ಎಂದು ಹೇಳಲು ಯಾರಿಗೂ ಬರುವುದಿಲ್ಲ. ಸೇದದವರಿಗೂ ಬರುತ್ತದೆ, ಸೇದಿದವರಲ್ಲಿ ಎಷ್ಟೋ ಜನಕ್ಕೆ ಬರುವುದಿಲ್ಲ. ನಿನ್ನನ್ನು ಬೈಯಲು ಇದು ಸಾಕಾಗುವುದಿಲ್ಲ; ಸಾಕಾದರೂ ಬೈಯುವ ಧೈರ್ಯ ನನಗಿಲ್ಲ.

ತಿದ್ದುವವನು ಹೋದ ಮೇಲೆ ತಪ್ಪು ಪ್ರತಿಯ ಮೇಲೆ ತಪ್ಪು ಪ್ರತಿ. ಇಂಥ ಕೋಶಗಳು ನೋಡಿದ ಕೂಡಲೇ ತಿಳಿಯುತ್ತವೆ. ಒಳಗಿನ ನ್ಯೂಕ್ಲಿಯಸ್ ದೊಡ್ಡದಾಗಿ ಕಪ್ಪಗಿರುತ್ತದೆ, ಒಂದರ ಆಕಾರ ಇನ್ನೊಂದಕ್ಕಿಲ್ಲ. ಅಡಿಸಾಲಿನಲ್ಲಿ ಮಾತ್ರ ಆಗಬೇಕಿದ್ದ ಹೆರಿಗೆ ನಡುವಿನ ಪದರದಲ್ಲಿ, ಮೇಲಿನ ಪದರದಲ್ಲಿ, ಎಲ್ಲೆಂದರಲ್ಲಿ ಆಗುತ್ತಿರುತ್ತದೆ. ಒಂದು ವರ್ಷದಿಂದ ನೀನು “ಸುಣ್ಣ ಹಚ್ಚಿದ ಹಾಗಿದೆ, ಏನೂ ಇಲ್ಲ” ಎನ್ನುತ್ತಿದ್ದೆಯಲ್ಲ, ಆ ಬಿಳಿ ಮಚ್ಚೆಯೊಳಗೆ ನಡೆಯುತ್ತಿದ್ದದ್ದು ಈ ಗದ್ದಲ. ಅಲ್ಲಿಯವರೆಗೂ ಅದು ಮೇಲ್ಮನೆಯ ಗದ್ದಲವೇ. ನೆಲ ಗಟ್ಟಿಯಾಗಿದ್ದರೆ ಮಚ್ಚೆಯನ್ನಷ್ಟೇ ತೆಗೆದು, ವರ್ಷಕ್ಕೆರಡು ಸಲ ಬಾ, ನೋಡೋಣ ಎಂದು ಕಳಿಸುತ್ತಾರೆ. ಆದ್ದರಿಂದ ನಾವೆಲ್ಲ ಸ್ಲೈಡಿನಲ್ಲಿ ಮೊದಲು ಹುಡುಕುವುದು ನೆಲವನ್ನು. ನೆಲ ಇದೆಯೇ, ಎಲ್ಲಾದರೂ ಒಡೆದಿದೆಯೇ, ಒಡೆದಿದ್ದರೆ ಕೆಳಗೆ ಎಷ್ಟು ದೂರ ಇಳಿದಿವೆ.

ಇಲ್ಲೊಂದು ಕಥೆಯಿದೆ, ನನ್ನ ಮರ್ಯಾದೆ ಹೋದ ಕಥೆ. ನೀನು ನಗಬಹುದು, ನಾಲಿಗೆ ಎಳೆಯದಷ್ಟು ನಗು. ನಮ್ಮ ಕೋಣೆಯಲ್ಲಿ ಒಂದು ನಿಯಮ. ನಮ್ಮವರದೇ ಬಾಟಲಿ ಬಂದರೆ ಅದರ ಮುಚ್ಚಳಕ್ಕೆ ಹಳದಿ ಟೇಪು ಅಂಟಿಸುತ್ತೇವೆ. ಆ ಟೇಪು ಇದ್ದದ್ದನ್ನು ಸಂಬಂಧಿಕನಾದವನು ಮುಟ್ಟಬಾರದು. ಈ ನಿಯಮ ಮಾಡಿದವನು ನಾನೇ. ಹತ್ತು ವರ್ಷದ ಹಿಂದೆ ನನ್ನ ಜೊತೆ ಕೆಲಸ ಮಾಡುವ, ನಾವೆಲ್ಲ ಕನ್ನಡಕ ಎಂದು ಕರೆಯುವ ಮನುಷ್ಯ ತನ್ನ ಮಾವನ ಬಾಟಲಿಯ ಮುಚ್ಚಳ ತೆಗೆದು ಮತ್ತೆ ಮತ್ತೆ ಹಾಕುತ್ತಿದ್ದಾಗ, ಟೇಪು ತಂದು ಅಂಟಿಸಿ, ಹೋಗು ಹೊರಗೆ ಗಾಳಿ ಕುಡಿ ಎಂದಿದ್ದೆ. ನಿನ್ನ ಬಾಟಲಿ ಬಂದ ದಿನ ಕನ್ನಡಕ ನೆನಪಿಟ್ಟುಕೊಂಡು ಟೇಪು ಅಂಟಿಸಿದ. ಅವನು ಊಟಕ್ಕೆ ಹೋದಾಗ ನಾನದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಯಾಕೆ ಎಂದು ಆಮೇಲೆ ಯೋಚಿಸಿದ್ದೇನೆ. ನನಗಿಂತ ಚೆನ್ನಾಗಿ ಯಾರು ಮಾಡುತ್ತಾರೆ ಎಂಬ ಜಂಬ ಒಂದು. ಅದರ ಕೆಳಗೆ ಇನ್ನೇನೋ ಇತ್ತು, ಅದನ್ನು ಹೆರೆಯುವಷ್ಟು ಗಟ್ಟಿಯಾಗಿ ಹಿಡಿಯಲು ನನಗೆ ಆಗಲಿಲ್ಲ.

ಬಾಯಿಯ ತುಂಡನ್ನು ಮೇಣದಲ್ಲಿ ಕೂರಿಸುವಾಗ ಅಂಚಿನ ಮೇಲೆ ನಿಲ್ಲಿಸಬೇಕು, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ. ಆಗ ಹೆರೆದರೆ ಮೇಲಿನ ಪದರ, ಅಡಿಸಾಲು, ನೆಲ, ನೆಲದ ಕೆಳಗಿನದು ಎಲ್ಲ ಪಕ್ಕದಿಂದ, ಒಂದರಡಿಗೆ ಒಂದು ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ವಾರ ನಾನು ಕಲಿಸುವ ಪಾಠವೇ ಅದು. ನಿನ್ನ ತುಂಡನ್ನು ನಾನು ಮಲಗಿಸಿದೆ. ಅಂಗಾತ. ಮೇಣದೊಳಗೆ ಅದನ್ನು ಹಿತವಾಗಿ ಒತ್ತಿ, ಒಂದು ಕ್ಷಣ ಚಿಮುಟದಿಂದ ಹಿಡಿದು, ಆರಲು ಬಿಟ್ಟೆ. ಮಲಗಿಸುವಾಗ ಅದು ತಪ್ಪೆಂದು ಹೊಳೆಯಲೇ ಇಲ್ಲ, ಆರಾಮವಾಗಿದೆ ಎನ್ನಿಸಿತು.

ಮಲಗಿದ ತುಂಡನ್ನು ಹೆರೆದರೆ ಏನು ಕಾಣುತ್ತದೆಂದು ನಿನಗೆ ನನಗಿಂತ ಬೇಗ ಅರ್ಥವಾಗುತ್ತದೆ. ಆ ಪದರದ ಅಡಿಭಾಗ ಸಪಾಟಲ್ಲ, ನೆರಿಗೆ ನೆರಿಗೆಯಾಗಿ ಕೆಳಕ್ಕೆ ಇಳಿಬಿದ್ದಿರುತ್ತದೆ. ರಾಣಿಯ ನೆರಿಗೆ ಲಂಗವನ್ನು ಮೊಣಕಾಲಿನ ಮಟ್ಟದಲ್ಲಿ ಅಡ್ಡಡ್ಡ ಕತ್ತರಿಸಿ ಮೇಲಿನಿಂದ ನೋಡು: ನೆರಿಗೆಗಳ ಸುತ್ತುಗಳು ಬೇರೆ ಬೇರೆಯಾಗಿ ಕಾಣುತ್ತವೆ, ಎಲ್ಲವೂ ಮೇಲೆ ಒಂದೇ ಸೊಂಟಪಟ್ಟಿಗೆ ಸೇರಿವೆ ಎಂಬುದು ಕಾಣುವುದಿಲ್ಲ. ಹಾಗೆಯೇ ನಿನ್ನ ಸ್ಲೈಡಿನಲ್ಲಿ ನೆಲವೇ ಇರಲಿಲ್ಲ. ಗುಲಾಬಿ ಬಣ್ಣದ ನಡುವೆ ಎಲ್ಲಿ ನೋಡಿದರೂ ನೀಲಿ ದ್ವೀಪಗಳು. ಡಾಕ್ಟರಮ್ಮನ ಮೇಜಿಗೆ ಕಳಿಸುವ ಮೊದಲು ನಾನೇ ಕದ್ದು ನೋಡಿದೆ. ಅದೂ ನಿಯಮಕ್ಕೆ ವಿರುದ್ಧ. ನೋಡಿ, ಎಲ್ಲ ಕಡೆ ಇಳಿದುಬಿಟ್ಟಿದೆ ಎಂದು ತಿಳಿದುಕೊಂಡೆ.

ಮರುದಿನ ಬೆಳಿಗ್ಗೆಯವರೆಗೂ ಹಾಗೆಯೇ ತಿಳಿದಿದ್ದೆ. ಇಳಿದ ಮೇಲೆ ಅವು ಏನು ಮಾಡುತ್ತವೆಂದು ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಜನರ ಸ್ಲೈಡಿನಲ್ಲಿ ನೋಡಿದ್ದೇನೆ. ಮೊದಲು ಪಕ್ಕದವರ ಕೈ ಬಿಡುತ್ತವೆ. ಕೋಶಕ್ಕೂ ಕೋಶಕ್ಕೂ ನಡುವೆ ಗುಂಡಿ ಕಾಜದಂಥ ಹಿಡಿತವಿರುತ್ತದೆ, ಅದನ್ನು ಬಿಚ್ಚಿಕೊಳ್ಳುತ್ತವೆ. ನೆಲವನ್ನು ಕರಗಿಸುವ ರಸ ಕಾರಿ ತೂತು ಮಾಡುತ್ತವೆ. ಕೆಳಗಿಳಿದ ಮೇಲೆ ಹಸಿವು. ನಮಗೂ ಒಂದು ಕವಲು ಎಳೆಯಿರಿ ಎಂದು ರಕ್ತನಾಳಗಳಿಗೆ ಸುದ್ದಿ ಕಳಿಸುತ್ತವೆ, ರಕ್ತನಾಳಗಳು ಪಾಪ ನಂಬಿ ಕವಲು ಹೊಡೆಯುತ್ತವೆ. ಕಾವಲಿನ ಬಿಳಿಕೋಶಗಳು ಬಂದರೆ ನಾವು ಮನೆಯವರೇ ಎಂದು ತೋರಿಸಿ ಕೆಲವು ತಪ್ಪಿಸಿಕೊಳ್ಳುತ್ತವೆ. ನರದ ಬದಿ ಹಿಡಿದು ನಡೆಯುವುದೂ ಉಂಟು. ನನಗೆ ಯಾವಾಗಲೂ ವಿಚಿತ್ರವೆನಿಸುವುದು ಒಂದಿದೆ. ಅಷ್ಟು ಆಳಕ್ಕೆ, ಮಾಂಸಖಂಡದ ನಡುವೆ ಹೋಗಿ ಕೂತ ಮೇಲೂ ಕೆಲವು ತಮ್ಮ ಹಳೆಯ ಕಸುಬು ಮರೆಯುವುದಿಲ್ಲ. ಮೇಲೇರಿ ಗಡುಸಾಗಿ ಉದುರಬೇಕು ಎಂಬುದಷ್ಟೇ ಅವಕ್ಕೆ ಗೊತ್ತು. ಅಲ್ಲಿ ಮೇಲೆ ಎಂಬುದಿಲ್ಲ. ಆದ್ದರಿಂದ ಸುತ್ತಿ ಸುತ್ತಿ ಈರುಳ್ಳಿಯಂತೆ ಉಂಡೆಯಾಗುತ್ತವೆ. ಗುಲಾಬಿ ಬಣ್ಣ ಹಾಕಿದರೆ ಹೊಳೆಯುತ್ತದೆ. ನಮ್ಮವರು ಅದನ್ನು ಮುತ್ತು ಎನ್ನುತ್ತಾರೆ. ನಾನು ಎಷ್ಟೋ ಸಲ ಅದರ ಅಂದ ನೋಡುತ್ತ ಕೂತದ್ದುಂಟು.

ಆಮೇಲಿನದು ನೀನು ಕೇಳಿದ ಓಟ. ರಕ್ತನಾಳಗಳ ಪಕ್ಕದಲ್ಲೇ ಬಣ್ಣವಿಲ್ಲದ ನೀರಿನಂಥ ರಸ ಹರಿಯುವ ಸಣ್ಣ ಕಾಲುವೆಗಳಿವೆ, ನಾಲಿಗೆಯಲ್ಲಂತೂ ಬೇಕಾದಷ್ಟು. ಅದರ ಗೋಡೆ ತೆಳು. ಒಂದು ಕೋಶ ನುಸುಳಿದರೆ ರಸ ಎಲ್ಲಿಗೆ ಹರಿಯುತ್ತದೋ ಅಲ್ಲಿಗೆ ಅದೂ ಹೋಗುತ್ತದೆ. ಹರಿಯುವುದು ಕುತ್ತಿಗೆಗೆ. ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ಅವರೆಕಾಳಿನಷ್ಟು ಗಂಟುಗಳಿವೆ, ಸೋಸುವ ಬಟ್ಟೆಯಿದ್ದಂತೆ. ನೆಗಡಿಯಾದಾಗ ಊದಿಕೊಳ್ಳುವುದು ಅವೇ. ಹೊರಟ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ, ಇದನ್ನು ಗಟ್ಟಿಯಾಗಿ ನೆನಪಿಡು. ಬದುಕಿದ ಒಂದೆರಡು ಮೊದಲು ಆ ಗಂಟಿನಲ್ಲಿ ತಂಗಿ ಸಂಸಾರ ಹೂಡುತ್ತವೆ. ಅಲ್ಲಿಂದ ಮುಂದೆ ಪುಪ್ಪುಸದವರೆಗೂ ಹೋಗಬಹುದು. ಹೋಗುವುದಕ್ಕೆ ತಾರೀಖು ಇರುವುದಿಲ್ಲ. ಏಳು ವಾರದಲ್ಲಿ ಏನೂ ಆಗದೆ ಇರಬಹುದು. ಏಳು ವಾರದಲ್ಲಿ ಯಾವ ವಾರ ಆ ಒಂದು ಕೋಶಕ್ಕೆ ಕಾಲುವೆ ಸಿಗುತ್ತದೆಂದು ಹೇಳುವವರು ಯಾರೂ ಇಲ್ಲ, ಅಷ್ಟೇ.

ಸ್ಲೈಡನ್ನು ಕದ್ದು ನೋಡಿದ ಆ ದಿನ ಮಧ್ಯಾಹ್ನವೇ ಮನೆಗೆ ಬಂದೆ. ನನಗೆ ದುಃಖವಾಗಲಿಲ್ಲ, ಅಥವಾ ಆದದ್ದು ನನಗೆ ಕಾಣಿಸಲಿಲ್ಲ. ಎಲ್ಲದಕ್ಕೂ ನಗು ಬರುತ್ತಿತ್ತು. ಕಿಟಕಿಯ ಪಕ್ಕದ ನಿನ್ನ ಹಳೆಯ ಮಷೀನಿಗೆ ಎಣ್ಣೆ ಬಿಟ್ಟು, ಪೇಪರು ಇಟ್ಟು, ದಾರವಿಲ್ಲದೆ ಓಡಿಸಿದೆ. ಆ ದಿನದ ಸುದ್ದಿಯ ತುಂಬ ಸಾಲು ಸಾಲು ತೂತು. ನನ್ನವಳು ಬಾಗಿಲಲ್ಲಿ ನಿಂತು ನೋಡಿ, “ಅಕ್ಕ ಬಂದು ಇದನ್ನ ನೋಡಿದ್ರೆ ನಿಮ್ಮ ಕೈ ಮುರೀತಾರೆ, ಸೂಜಿ ಮೊಂಡಾಗುತ್ತೆ” ಎಂದಳು. ಮಗಳು ಶಾಲೆಯಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ, “ಅಪ್ಪಾ, ನೀನ್ಯಾಕೆ ಹಿಂಗೆ ನಗ್ತಿದೀಯ? ನೀನು ನಗೋದು ನೋಡಿದ್ರೆ ನಂಗೆ ಭಯ ಆಗುತ್ತೆ” ಎಂದಳು. ಅತ್ತೆಯ ಮಷೀನು ಇನ್ನೂ ಓಡುತ್ತದೋ ಎಂದು ನೋಡುತ್ತಿದ್ದೆ ಎಂದೆ. ಅವಳು ನಂಬಲಿಲ್ಲ. ನಿನ್ನ ಕಣ್ಣೇ ಅವಳಿಗೆ.

ಮರುದಿನ ಡಾಕ್ಟರಮ್ಮ ಕರೆಸಿದರು. ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಮೊದಲ ದಿನಗಳಲ್ಲಿ ಕುಂಚ ಹಿಡಿಯುವುದನ್ನು ನನ್ನಿಂದ ಕಲಿತರೆಂದು ಇವತ್ತಿಗೂ ಮೇಷ್ಟ್ರೇ ಎನ್ನುತ್ತಾರೆ. ಸ್ಲೈಡಿನಿಂದ ಕಣ್ಣು ತೆಗೆಯದೆ, “ಇದೇನ್ ಮೇಷ್ಟ್ರೇ, ಪಾಪ, ಹಾಸಿಗೆ ಹಾಸಿ ಮಲಗ್ಸಿಬಿಟ್ಟಿದ್ದೀರಲ್ಲ! ಜೋಗುಳ ಹಾಡಿದ್ರಾ?” ಎಂದರು. ನನಗೆ ಆಗಲೂ ಅರ್ಥವಾಗಲಿಲ್ಲ. “ಮಲಗ್ಸಿದೀರಿ ಅಂತಿದೀನಿ. ಇದರಲ್ಲಿ ನೆಲ ಎಲ್ಲಿದೆ ಅಂತ ಹೇಳಲಿ ನಾನು? ಯಾರದು ಇದು?” ನಮ್ಮಕ್ಕನದು ಎಂದೆ. ಅವರು ಈಗ ತಲೆಯೆತ್ತಿದರು. “ಟೇಪು ಎಲ್ಲಿ?” ಜೇಬಿನಿಂದ ತೆಗೆದು ತೋರಿಸಿದೆ. ಐವತ್ತು ದಾಟಿದ ಗಂಡಸು, ಬೆರಳಿಗೆ ಹಳದಿ ಟೇಪು ಅಂಟಿಸಿಕೊಂಡು ಕೊಡವುತ್ತ ನಿಂತಿದ್ದೇನೆ, ಬಿಡುತ್ತಿಲ್ಲ ಅದು. ಡಾಕ್ಟರಮ್ಮ ನಗು ತಡೆಯಲು ಮೈಕ್ರೋಸ್ಕೋಪಿಗೆ ಮತ್ತೆ ಬಗ್ಗಿದರು. ಆಮೇಲೆ ಮೆತ್ತಗೆ, “ಹೋಗಿ, ಕನ್ನಡಕದವರ ಕೈಗೆ ಕೊಡಿ. ಮೇಣ ಕರಗಿಸಿ ನಿಲ್ಲಿಸಲಿ. ನೀವು ಒಂದು ಕಾಫಿ ಕುಡೀರಿ” ಎಂದರು. ನಾನು ಹತ್ತು ವರ್ಷದ ಹಿಂದೆ ಹೇಳಿದ್ದೂ ಹೆಚ್ಚುಕಡಿಮೆ ಅದೇ. ಕನ್ನಡಕ ಹೊಸ ಟೇಪು ಹರಿದು, ಬಾಟಲಿಗೆ ಬದಲು ನನ್ನ ಏಪ್ರನ್ನಿನ ಎದೆಗೆ ಅಂಟಿಸಿ ಬಾಗಿಲು ಹಾಕಿಕೊಂಡ.

ನಿಲ್ಲಿಸಿ ಹೆರೆದ ಸ್ಲೈಡನ್ನು ಡಾಕ್ಟರಮ್ಮ ಕರೆದು ತೋರಿಸಿದರು. ನೆಲ ಇದೆ, ಅಕ್ಕಾ. ಈ ತುದಿಯಿಂದ ಆ ತುದಿಗೆ ಸಣ್ಣ ಅಂಚುಪಟ್ಟಿಯ ಹಾಗೆ ಹರಿದುಕೊಂಡು ಹೋಗಿದೆ. ಮೇಲೆ ಗದ್ದಲ ಪೂರ್ತಿಯಾಗಿದೆ, ಅದು ನಿಜ. ಒಂದೇ ಒಂದು ಕಡೆ ನೆಲ ಬಿಟ್ಟುಕೊಂಡಿದೆ. ಅಲ್ಲಿಂದ ಒಂದು ಸಣ್ಣ ಗುಂಪು ಕೆಳಗೆ ಕಾಲಿಟ್ಟಿದೆ, ಒಂದು ಮಿಲಿಮೀಟರಿಗೂ ಕಡಿಮೆ. ಸುತ್ತ ಕಾವಲಿನ ಕೋಶಗಳು ಮುತ್ತಿಕೊಂಡು ನಿಂತಿವೆ. ಯಾವ ಕಾಲುವೆಯೊಳಗೂ, ಯಾವ ನರದ ಬದಿಯಲ್ಲೂ ಏನೂ ಕಾಣಲಿಲ್ಲ. ಹಿಂದಿನ ದಿನ ನನ್ನ ತಲೆಯಲ್ಲಿ ಓಡಿದ್ದಕ್ಕೂ ಗಾಜಿನ ಮೇಲೆ ಇದ್ದದ್ದಕ್ಕೂ ಅಷ್ಟು ಅಂತರ. ಸಂತೋಷವಾಯಿತು ಎಂದರೆ ಕಡಿಮೆಯಾಯಿತು. ಕಾರಿಡಾರಿನಲ್ಲಿ ಎದುರು ಬಂದ, ಯಾರೆಂದು ಗೊತ್ತಿಲ್ಲದ ಒಬ್ಬ ನರ್ಸಿಗೆ ನಮಸ್ಕಾರ ಮಾಡಿದೆ. ಕ್ಯಾನ್ಸರ್ ಎಂಬ ಮಾತು ಕೇಳಿ ಇಷ್ಟು ಖುಷಿಪಟ್ಟವನು ಆ ಮಹಡಿಯಲ್ಲಿ ನಾನೊಬ್ಬನೇ ಇರಬೇಕು.

ಆದರೆ ತಪ್ಪಿಗೆ ತಪ್ಪಿನ ಲೆಕ್ಕ ಉಂಟು, ಅದನ್ನೂ ಹೇಳಬೇಕು. ಮೊದಲ ಸಲ ಮಲಗಿಸಿ ಹೆರೆದಾಗ ಹೋದ ಹೆರೆಗಳು ವಾಪಸು ಬರುವುದಿಲ್ಲ. ಉಳಿದ ಭಾಗದಲ್ಲಿ ಒಂದು ಮಿಲಿಮೀಟರಿಗೆ ಕಡಿಮೆ. ಹೋದ ಭಾಗದಲ್ಲಿ ಎಷ್ಟಿತ್ತೋ ತಿಳಿಯದು. ಕುತ್ತಿಗೆಯ ಗಂಟುಗಳನ್ನು ಮುಟ್ಟಬೇಕೇ ಬೇಡವೇ ಎಂದು ಸರ್ಜನ್ ನಿರ್ಧರಿಸುವುದು ಈ ಆಳದ ಮೇಲೆಯೇ. ಅವರಿಗೆ ಎಲ್ಲ ಹೇಳಿದೆ, ಟೇಪಿನ ಸಮೇತ. ಅವರು, “ನಾಲಿಗೆಯದನ್ನ ಮೊದಲು ತೆಗೆಯೋಣ, ಆಳ ಪೂರ್ತಿ ಆಗ ಗೊತ್ತಾಗುತ್ತೆ. ಕುತ್ತಿಗೆ ಸ್ಕ್ಯಾನ್ ಮಾಡಿ ನೋಡೋಣ. ಒತ್ತಿ ನೋಡಿದಾಗ ಏನೂ ಸಿಕ್ಕಿಲ್ಲ. ಆದ್ರೆ ಬೇಗ ಕರ್ಕೊಂಡು ಬನ್ನಿ” ಎಂದರು. ಅಂದರೆ ಕುತ್ತಿಗೆಯ ವಿಷಯ ಈಗಲೇ ತೀರ್ಮಾನವಾಗಬಹುದಿತ್ತು; ನನ್ನ ಕೈತಪ್ಪಿನಿಂದ ಅದು ಹದಿನೆಂಟರ ಆಚೆಗೆ ಹೋಗಿದೆ, ಆಮೇಲೆ ಇನ್ನೊಂದು ಆಪರೇಷನ್ ಬೇಕಾದರೂ ಬೇಕಾಗಬಹುದು. ನೀನು ಬೈಯಬಹುದು. ಬೈಯಲು ಈ ಸಲ ಸಾಕಷ್ಟಿದೆ.

ಆಪರೇಷನ್ ಬಗ್ಗೆ ನಿನಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಚು ಬಿಡದೆ ಹೊಲಿಗೆಯ ಗೆರೆಗೇ ಸರಿಯಾಗಿ ಕತ್ತರಿಸುವವರು ದರ್ಜಿಗಳೇ ಅಲ್ಲ ಎನ್ನುತ್ತೀಯಲ್ಲ, ಸರ್ಜನ್ ಕೂಡ ಹಾಗೆಯೇ: ಕೆಟ್ಟದ್ದರ ಸುತ್ತ ಒಂದು ಬೆರಳಗಲ ಒಳ್ಳೆಯದನ್ನೂ ಸೇರಿಸಿ ತೆಗೆಯುತ್ತಾರೆ. ತೆಗೆದದ್ದು ನಮ್ಮ ಕೋಣೆಗೆ ಬರುತ್ತದೆ. ಅದರ ಒಂದೊಂದು ಅಂಚಿಗೂ ಒಂದೊಂದು ಬಣ್ಣದ ಶಾಯಿ ಬಳಿದು, ಎಲ್ಲಾದರೂ ಕೆಟ್ಟ ಕೋಶ ಶಾಯಿಯವರೆಗೂ ಬಂದಿದೆಯೇ ಎಂದು ನೋಡುತ್ತಾರೆ. ಬಂದಿಲ್ಲವಾದರೆ ಸಾಕಷ್ಟು ಬಿಟ್ಟು ಕತ್ತರಿಸಿದ್ದಾರೆ ಎಂದರ್ಥ. ಬಳಿಯುವವನು ಕನ್ನಡಕ, ನಾನು ಆ ದಿನ ರಜೆ ಹಾಕುತ್ತೇನೆ. ಎರಡು ವಾರ ನಿನ್ನ ಮಾತು ತೊದಲುತ್ತದೆ, ಕಂಪನಿಯವರು ಎರಡು ವಾರ ನೆಮ್ಮದಿಯಾಗಿರಲಿ. ಆಮೇಲೆ ಹೆಚ್ಚಿನದೆಲ್ಲ ವಾಪಸು ಬರುತ್ತದೆ, ಬೈಗುಳ ಎಲ್ಲಕ್ಕಿಂತ ಮೊದಲು. ಹೊಸ ನಾಟಕದ ನಲವತ್ತು ಉಡುಪು ಯಾರು ಮುಗಿಸುತ್ತಾರೆ ಎನ್ನುತ್ತೀಯ. ರಾಣಿ ಪಾರ್ಟಿನವರಿಗೆ ಕಾಜ ಹೊಲಿಯಲು ಬರುತ್ತದೆ ಎಂದು ನೀನೇ ಹೇಳಿದ್ದೆ. ರಾಜನ ಹೊಟ್ಟೆ ಬೆಳೆಯುವ ವೇಗಕ್ಕೆ ಹೇಗೂ ಯಾವ ದರ್ಜಿಯೂ ಸಾಲುವುದಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದು ನಿನಗೆ ಬಿಟ್ಟದ್ದು. ನಿನ್ನ ಕೆಲಸ, ನಿನ್ನ ನಾಲಿಗೆ. ನನ್ನ ಒತ್ತಾಯವಿಲ್ಲ. ಯೋಚಿಸಿ ತಿಳಿಸು.

ನನ್ನವಳು ನಿನಗೆ ನಮಸ್ಕಾರ ಹೇಳಿದ್ದಾಳೆ, ಪರದೆಗಳ ಅಳತೆ ನಿನ್ನ ಹಳೆಯ ಪುಸ್ತಕದಲ್ಲಿ ಎಲ್ಲಿದೆ ಎಂದು ಕೇಳಿದ್ದಾಳೆ. ಮಗಳು “ಅತ್ತೆಗೆ ಮುತ್ತು” ಎಂದು ಬರೆಯಲು ಹೇಳಿ, ಪತ್ರವನ್ನು ಇಣುಕಿ ನೋಡಿ, “ಈ ಮುತ್ತು ಬೇರೆ ಅಂತ ಬರಿ” ಎಂದು ತಿದ್ದಿದಳು. ಕಂಪನಿಯ ಯಜಮಾನರಿಗೂ ರಾಜರಾಣಿಯರಿಗೂ ನನ್ನ ನೆನಪು ತಿಳಿಸು. ಉಪ್ಪುನೀರು ಮರೆಯಬೇಡ.

ನೀನು ಎತ್ತಿ ಬೆಳೆಸಿದ,
ತಮ್ಮ

ಕೊನೆಗೆ ಸೇರಿಸಿದ್ದು: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮ ಕಂಪನಿಯ ವ್ಯಾನ್ ಡ್ರೈವರ್ ಬಂದರು, ವೇದಿಕೆಯ ದೀಪಗಳನ್ನು ರಿಪೇರಿಗೆ ಕೊಡಲು ಈ ಕಡೆ ಬಂದಿದ್ದರಂತೆ. ಈಗ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾರೆ, ಪತ್ರ ಅವರ ಕೈಯಲ್ಲೇ ಕಳಿಸುತ್ತೇನೆ. ನೀನು ಹೇಗಿದ್ದೀಯ ಎಂದು ಕೇಳಿದೆ. “ಚೆನ್ನಾಗೇ ಇದಾರೆ. ಆದ್ರೆ ಮೇಕಪ್ ರೂಮಲ್ಲಿ ಯಾರೂ ಇಲ್ದಾಗ ಕನ್ನಡಿ ಮುಂದೆ ನಿಂತು ಕುತ್ತಿಗೆ ಒತ್ತಿ ಒತ್ತಿ ನೋಡ್ಕೋತಾರೆ. ನಾನು ಬಂದ್ರೆ ಅಳತೆ ಟೇಪು ಹಾಕ್ಕೊಳೋ ಹಾಗೆ ಮಾಡ್ತಾರೆ” ಎಂದರು. ಒತ್ತಾಯವಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿಕೊಂಡು ಓದು. ಒತ್ತಾಯವಿದೆ. ನನಗೆ ಹೆದರಿಕೆಯಾಗಿದೆ, ಅಕ್ಕಾ. ನಿನಗೂ ಆಗಿದೆ ಎಂದು ಈಗ ಗೊತ್ತಾಯಿತು. ಹೆದರಿಕೊಳ್ಳಲು ನೀನು ಒಂದು ಊರಿನಲ್ಲಿ, ನಾನು ಇನ್ನೊಂದು ಊರಿನಲ್ಲಿ ಇರಬೇಕಾಗಿಲ್ಲ. ದೀಪ ವಾಪಸು ಒಯ್ಯಲು ಗುರುವಾರ ಇವರು ಮತ್ತೆ ಇಲ್ಲಿಗೆ ಖಾಲಿ ವ್ಯಾನು ತರುತ್ತಾರೆ, ಮುಂದಿನ ಸೀಟು ನಿನಗೆ ಎಂದು ಒಪ್ಪಿಸಿದ್ದೇನೆ. ಬಟ್ಟೆ ಎರಡು ಜೊತೆ ಸಾಕು. ಹತ್ತಿ ಬಾ.